ಬಸವನಹುಳು ಮನೆಗೆ ಬಂತು

ನಾನು 36 ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವ. ಊರಿಂದೂರಿಗೆ ಹೋಗುವ ಕಾಗದಗಳಿಗೆ ಮುದ್ರೆ ಒತ್ತುತ್ತಾ, ಈ ಕಾಗದಗಳ ಹಾಗೆ ನಾನೂ ಒಮ್ಮೆ ದೇಶ ಸುತ್ತಿ ಬರಬೇಕು ಎಂದು ಆಸೆಪಟ್ಟವ. ನಿವೃತ್ತಿಯಾದ ಮೇಲೆ ಆ ಆಸೆ ಕೈಗೂಡಿತು. ದೀಪಾವಳಿ ಮುಗಿಸಿ ನವೆಂಬರ್ 10ಕ್ಕೆ ಹೆಮ್ಮಾಡಿಯಿಂದ ಹೊರಟು, ಗೋವಾ, ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಪಂಜಾಬ್ ಸುತ್ತಿ, 65ನೇ ದಿನಕ್ಕೆ ಮನೆಗೆ ಬಂದೆವು. ಹೋಗುವಾಗಿನ ಕಥೆ ಹೇಳುತ್ತಾ ಕೂತರೆ ಈ ಪುಟಗಳು ಸಾಲವು. ಅಲ್ಲದೆ ಕೋಟೆ, ಅರಮನೆ, ಮರಳುಗಾಡಿನ ವರ್ಣನೆ ನೀವು ಬೇಕಾದಷ್ಟು ಓದಿರುತ್ತೀರಿ. ನಾನು ಹೇಳಹೊರಟದ್ದು ವಾಪಸು ಬಂದ ಒಂಬತ್ತು ದಿನಗಳ ಕಥೆ.

ನಾವು ಹೋದದ್ದು ಬಸ್ಸಿನಲ್ಲಲ್ಲ, ರೈಲಿನಲ್ಲೂ ಅಲ್ಲ. ಜೀಪಿನ ಹಿಂದೆ ಕಟ್ಟಿ ಎಳೆಯುವ ಒಂದು ಪುಟ್ಟ ಮನೆಯ ಜೊತೆಗೆ. ಇದು ನನ್ನ ಹೆಂಡತಿಯ ಅಣ್ಣನದು. ಬ್ರಹ್ಮಾವರದಲ್ಲಿ ಬಹಳ ವರ್ಷ ಗ್ಯಾರೇಜ್ ನಡೆಸಿದ ಭಾವ, ಕೆಲಸ ಮಗನಿಗೆ ಒಪ್ಪಿಸಿದ ಮೇಲೆ ಈ ಟ್ರೈಲರ್ ತರಿಸಿ, ನೋಂದಣಿ ಮಾಡಿಸಿ, ಒಳಗೆಲ್ಲ ತನಗೆ ಬೇಕಾದ ಹಾಗೆ ಮರದ ಕೆಲಸ ಮಾಡಿಕೊಂಡರು. ಇಬ್ಬರು ಮಲಗುವಷ್ಟು ಹಾಸಿಗೆ, ಮಡಚುವ ಮೇಜು, ಹಿಂಬದಿಯ ಬಾಗಿಲು ಎತ್ತಿದರೆ ಒಲೆ, ನೀರಿನ ಟಾಂಕಿ, ಪಾತ್ರೆ ಇಡುವ ಗೂಡುಗಳು. ರಾತ್ರಿ ಹೆಂಗಸರಿಬ್ಬರು ಒಳಗೆ ಮಲಗಿದರೆ ಭಾವ ಮತ್ತು ನಾನು ಪಕ್ಕದಲ್ಲೇ ಡೇರೆ ಹಾಕಿಕೊಳ್ಳುತ್ತಿದ್ದೆವು. ಗಾಡಿ ಓಡುವಾಗ ಮಾತ್ರ ಟ್ರೈಲರಿನೊಳಗೆ ಯಾರೂ ಕೂರುವ ಹಾಗಿಲ್ಲ, ಎಲ್ಲರೂ ಜೀಪಿನಲ್ಲೇ. ನನ್ನ ಮೊಮ್ಮಗಳು ಪುಟ್ಟಿ ಐದನೇ ಕ್ಲಾಸು. ಅವಳು ಮೊದಲ ನೋಟಕ್ಕೇ ಇದಕ್ಕೆ ‘ಬಸವನಹುಳು’ ಎಂದು ಹೆಸರಿಟ್ಟಳು. ಬೆನ್ನ ಮೇಲೆ ಮನೆ, ನಡಿಗೆ ನಿಧಾನ. ಹೆಸರು ಸರಿಯಾಗಿಯೇ ಇತ್ತು.

ಮನೆ ಕಟ್ಟಿಕೊಂಡು ತಿರುಗುವುದು ನಮ್ಮ ಕಡೆಯವರಿಗೆ ಹೊಸತೇನೂ ಅಲ್ಲ. ಯಕ್ಷಗಾನ ಮೇಳಗಳನ್ನೇ ನೋಡಿ. ಚಳಿಗಾಲ ಕಾಲಿಡುವಾಗ ಗೆಜ್ಜೆ ಕಟ್ಟಿ ಹೊರಟರೆ ಮಳೆಗಾಲದ ಬಾಗಿಲಿಗೆ ಬಂದ ಮೇಲೆಯೇ ಗೆಜ್ಜೆ ಬಿಚ್ಚುವುದು. ಇವತ್ತು ಒಂದೂರು, ನಾಳೆ ಇನ್ನೊಂದೂರು. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ಕಿರೀಟದ ಪೆಟ್ಟಿಗೆ, ಚೆಂಡೆ, ಮದ್ದಳೆ ಎಲ್ಲ ಲಾರಿಯಲ್ಲಿ ಮುಂದಿನ ಊರಿಗೆ. ಮೇಳದವರ ಮನೆಗಳಲ್ಲಿ ಆ ಆರು ತಿಂಗಳು ದನ, ಗದ್ದೆ, ಮಕ್ಕಳ ಶಾಲೆ ನೋಡಿಕೊಳ್ಳುವವರು ಯಾರು ಎಂದು ನಾವು ಪ್ರೇಕ್ಷಕರು ಯೋಚಿಸುವುದು ಕಡಿಮೆ. ಈ ಪ್ರಯಾಣದಲ್ಲಿ ನನಗೆ ಆ ಯೋಚನೆ ಬಂತು, ಬರಲು ಕಾರಣ ನನ್ನ ಅಮ್ಮ.

ಅಮ್ಮನಿಗೆ ಈಗ 82. ಜೀಪಿನಲ್ಲಿ ಐದನೆಯವರಾಗಿ ಬನ್ನಿ ಎಂದು ಭಾವ ಎಷ್ಟು ಕರೆದರೂ ಅವಳು ಒಪ್ಪಲಿಲ್ಲ.

“ಸೇವಂತಿಗಿ ಬಿಟ್ಕಂಡ್ ನಾ ಎಲ್ಲಿಗ್ ಬಪ್ಪುದ್ ಮಾರಾಯ? ನೀವ್ ಹೋಯ್ ಬನ್ನಿ” ಎಂದಳು.

ಹೆಮ್ಮಾಡಿ ಸೇವಂತಿಗೆಯನ್ನು ಕಂಡವರಿಗೆ ಅವಳ ಮಾತು ಅರ್ಥವಾದೀತು. ಪೇಟೆಯ ದೊಡ್ಡ ಸೇವಂತಿಗೆಯಲ್ಲ ಇದು. ಸಣ್ಣ ಹಳದಿ ಹೂ, ಪರಿಮಳ ಮಾತ್ರ ದೊಡ್ಡದು. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆ. ಆ ಜಾತ್ರೆಗೆ ಹೋದವರೆಲ್ಲ ದೇವರಿಗೆ ಈ ಹೂವನ್ನೇ ಒಪ್ಪಿಸುತ್ತಾರೆ. ನಮ್ಮದು ಹತ್ತು ಸೆಂಟ್ಸ್ ಜಾಗದ ಸಣ್ಣ ಬೆಳೆ. ಆದರೆ ಸಸಿ ಮಾಡುವುದರಿಂದ ಹಿಡಿದು ಹೂ ಎಣಿಸುವವರೆಗೆ ಎಲ್ಲ ಅಮ್ಮನ ಕಣ್ಣಳತೆಯಲ್ಲೇ ಆಗಬೇಕು. ನಮ್ಮಲ್ಲಿ ಈ ಹೂವಿನ ವ್ಯಾಪಾರ ಸಾವಿರದ ಲೆಕ್ಕದಲ್ಲಿ. ಮನೆಯಲ್ಲಿ ಮೊದಲ ಹೂ ದೇವರಿಗೆ, ಆಮೇಲೆ ಉಳಿದ ಮಾತು. ವರ್ಷಾ ಸಂಕ್ರಮಣದ ಹಿಂದಿನ ದಿನಗಳಲ್ಲಿ ಹೂ ಕೊಯ್ಯುವುದು ಅಮ್ಮ, ನನ್ನ ಹೆಂಡತಿ ಮತ್ತು ನಾನು. ಹಾಗಾಗಿ ಜನವರಿ 13ರೊಳಗೆ ಮನೆ ಸೇರುತ್ತೇವೆ ಎಂದು ಮಾತು ಕೊಟ್ಟೇ ನಾವು ಹೊರಟದ್ದು. ಮನೆಯಲ್ಲಿ ಉಳಿದವರು ಅಮ್ಮ, ಪುಟ್ಟಿ ಮತ್ತು ನನ್ನ ಮಗಳು. ಮಗಳಿಗೆ ಬೈಂದೂರಿನಲ್ಲಿ ಕೆಲಸ, ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಹೊರಡುವ ಮೊದಲು ಪುಟ್ಟಿಗೆ ಒಂದು ಆಟ ಹೇಳಿಕೊಟ್ಟಿದ್ದೆ. ಮಕ್ಕಳೇ, ನೀವೂ ಆಡಬಹುದು. ನಮ್ಮ ದೇಶದಲ್ಲಿ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ಯಾವ ಭಾಗ ಎಂದು ಹೇಳುತ್ತದೆ. ದೆಹಲಿ, ಹರಿಯಾಣ, ಪಂಜಾಬಿನ ಕಡೆ 1. ಉತ್ತರ ಪ್ರದೇಶಕ್ಕೆ 2. ರಾಜಸ್ಥಾನ, ಗುಜರಾತಿಗೆ 3. ಮಹಾರಾಷ್ಟ್ರ, ಮಧ್ಯಪ್ರದೇಶ, ಗೋವಾಕ್ಕೆ 4. ನಮಗೆ, ಆಂಧ್ರ ಮತ್ತು ತೆಲಂಗಾಣಕ್ಕೆ 5. ಕೇರಳ, ತಮಿಳುನಾಡಿಗೆ 6. ಮೊದಲ ಮೂರು ಅಂಕಿ ಕೂಡಿಸಿದರೆ ಸುಮಾರಾಗಿ ಯಾವ ಜಿಲ್ಲೆ ಎಂದು ತಿಳಿಯುತ್ತದೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು. ಕುಂದಾಪುರ 576201, ಬ್ರಹ್ಮಾವರ 576213, ಬೈಂದೂರು 576214. ನಾನು ತಂಗಿದ ಊರುಗಳಿಂದ 50 ಪೈಸೆಯ ಅಂಚೆ ಕಾರ್ಡು ಹಾಕುವುದು, ಅವಳು ಗೋಡೆಯ ಭೂಪಟದಲ್ಲಿ ಆ ಪಿನ್‌ಕೋಡ್ ಬರೆದು ನೂಲು ಕಟ್ಟುವುದು. ಕಾರ್ಡು ಬಂದ ಸಂಜೆ ತುಳಸಿಗೆ ದೀಪ ಇಟ್ಟ ಮೇಲೆ ಅವಳು ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಬೇಕು. ಅಮ್ಮನ ಕಣ್ಣು ಈಗ ಸಣ್ಣ ಅಕ್ಷರ ಹಿಡಿಯುವುದಿಲ್ಲ.

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ರಾಜಸ್ಥಾನದ ಖೀಚನ್ ಎಂಬ ಊರಿನಿಂದ ಬರೆದ ಕಾರ್ಡು. ಫಲೋದಿ ಪಟ್ಟಣದ ಹತ್ತಿರದ ಹಳ್ಳಿ ಅದು. ಪ್ರತಿ ಚಳಿಗಾಲದಲ್ಲಿ ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಸಾವಿರಾರು ಕ್ರೌಂಚ ಪಕ್ಷಿಗಳು ಅಲ್ಲಿಗೆ ಬರುತ್ತವೆ. ಊರವರು ಅವಕ್ಕೆ ಕುರ್ಜಾ ಎನ್ನುತ್ತಾರೆ. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿಯ ಗರಿಯ ಜುಟ್ಟು. ಊರಿನ ಜನ ಸೇರಿ ಬೇಲಿ ಹಾಕಿದ ಅಂಗಳದಲ್ಲಿ ಅವಕ್ಕೆ ಕಾಳು ಚೆಲ್ಲುತ್ತಾರೆ. ಬೆಳಿಗ್ಗೆ ಸಾಲು ಸಾಲಾಗಿ ಇಳಿಯುವುದನ್ನು ನೋಡಬೇಕು. ಮಾರ್ಚ್ ಹೊತ್ತಿಗೆ ಅವು ಮತ್ತೆ ಉತ್ತರಕ್ಕೆ ಹಾರುತ್ತವೆ.

ಅದನ್ನು ಓದಿ ಪುಟ್ಟಿ ಫೋನಿನಲ್ಲಿ ಕೇಳಿದಳು: “ಅಜ್ಜ, ಹಾಂಗಾರೆ ಅವುಗಳ ಮನಿ ಯಾವ್ದ್? ಅಲ್ಲಿಯಾ, ಇಲ್ಲಿಯಾ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಿಂದಿನಿಂದ ಅಮ್ಮನ ಸ್ವರ ಕೇಳಿತು: “ಮೊಟ್ಟಿ ಇಡುದ್ ಎಲ್ಲಿಯೋ, ಅದೇ ಮನಿ.”

ಜನವರಿ 4ರಂದು ನಾವು ಅಮೃತಸರದಲ್ಲಿದ್ದೆವು. ಸ್ವರ್ಣಮಂದಿರದ ಲಂಗರಿನಲ್ಲಿ ಊಟ ಮಾಡಿ, ಹೆಂಗಸರು ಪಾತ್ರೆ ತೊಳೆಯುವವರ ಸಾಲಿನಲ್ಲಿ ನಿಂತು ಸೇವೆ ಮಾಡಿ ಬಂದಿದ್ದರು. ಮರುದಿನ ಹೊರಟು, ಜೈಪುರದಲ್ಲಿ ಎರಡು ದಿನ ನಿಂತು, ಬೂಂದಿಯ ಕೋಟೆ ನೋಡಿಕೊಂಡು, ಕಷ್ಟಪಟ್ಟಾದರೂ 13ಕ್ಕೆ ಮನೆ ಮುಟ್ಟುವ ಲೆಕ್ಕಾಚಾರದಲ್ಲಿದ್ದೆವು. ರಾತ್ರಿ ಪುಟ್ಟಿಯ ಫೋನು ಬಂತು. ಸ್ವರ ಬಹಳ ಸಣ್ಣಗಿತ್ತು.

“ಅಜ್ಜ, ಒಂದ್ ವಿಷ್ಯ ಹೇಳ್ತೆ. ನಾ ಹೇಳದ್ದ್ ಅಂತ ಯಾರಿಗೂ ಹೇಳುಕಾಗ. ಹಿರಿಯಜ್ಜಿ ಬಾವಿಕಟ್ಟಿ ಹತ್ರ ಜಾರಿ ಬಿದ್ರ್. ಬಲಗೈ ಎತ್ತುಕ್ ಆತಿಲ್ಲ.”

ಹೂವಿಗೆ ನೀರು ಹೊಯ್ಯಲು ಹೋದಾಗ ಹೀಗಾಗಿತ್ತು. ನಾನು ಫೋನನ್ನು ಅಮ್ಮನಿಗೆ ಕೊಡು ಎಂದೆ. ಅವಳದು ಎಂದಿನ ಸ್ವರ.

“ಉಳ್ಕಿದ್ದಲ್ದಾ, ಅದ್ಕೆಂತ? ಹೂ ಒಂದ್ ವರ್ಷ ತಪ್ರೂ ಅಡ್ಡಿಲ್ಲ. ಅಲ್ಲಿ ಮಂಜ್ ಅಂಬ್ರ್ ಟೀವಿಯಂಗೆ. ಕತ್ಲಿಗ್ ಗಾಡಿ ಬಿಡ್ಬೇಡಿ. ಹಗಲ್‌ಹೊತ್ತಿಗೇ ಬನ್ನಿ.”

ಆ ರಾತ್ರಿ ನಾಲ್ವರೂ ಟ್ರೈಲರಿನ ಮೇಜಿನ ಸುತ್ತ ಕೂತು ಭೂಪಟ ಬಿಡಿಸಿದೆವು. ಜೈಪುರವೂ ಬೇಡ, ಬೂಂದಿಯೂ ಬೇಡ, ನೆಟ್ಟಗೆ ಮನೆಗೆ ಎಂದು ತೀರ್ಮಾನವಾಯಿತು. ಅತ್ತಿಗೆ ಒಂದೇ ಮಾತು ಹೇಳಿದರು, ಅವಸರ ಮಾಡುವ ಹಾಗಿಲ್ಲ, ನಿಲ್ಲುವ ಹಾಗೂ ಇಲ್ಲ ಅಂತ. ಉತ್ತರದ ಜನವರಿಯಲ್ಲಿ, ಹಿಂದೆ ಒಂದು ಮನೆ ಕಟ್ಟಿಕೊಂಡು, ಅದು ಹೇಳಿದಷ್ಟು ಸುಲಭವಲ್ಲ.

ಅದೃಷ್ಟಕ್ಕೆ ದಾರಿ ಹುಡುಕುವ ಕೆಲಸ ಇರಲಿಲ್ಲ. ಪಂಜಾಬಿನ ಸಂಗ್ರೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 52 ಎಲ್ಲಿ ಮುಗಿಯುತ್ತದೆ ಗೊತ್ತೇ? ನಮ್ಮ ಅಂಕೋಲೆಯಲ್ಲಿ! ಹಿಸಾರ್, ಚೂರು, ಜೈಪುರ, ಕೋಟಾ, ಇಂದೋರ್, ಧುಳೆ, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ಹಾದು, 2300 ಕಿಲೋಮೀಟರಿಗೂ ಹೆಚ್ಚು ಓಡಿ, ಅರಬ್ಬಿ ಸಮುದ್ರದ ಮಗ್ಗುಲಿಗೆ ಬಂದು ಅದು ನಿಲ್ಲುತ್ತದೆ. ಅಲ್ಲಿಂದ ಹೆದ್ದಾರಿ 66 ಹಿಡಿದರೆ ಹೆಮ್ಮಾಡಿ ನಮ್ಮ ಜೀಪಿಗೆ ಮೂರು ನಾಲ್ಕು ಗಂಟೆಯ ದಾರಿ.

ಆದರೆ ಮೊದಲ ಮೂರು ದಿನ ಬಸವನಹುಳು ನಿಜವಾಗಿಯೂ ಬಸವನಹುಳುವೇ ಆಯಿತು. ನಮ್ಮ ಆಗುಂಬೆ ಘಾಟಿಯ ಮಂಜು ಬೇರೆ, ಇದು ಬೇರೆ. ಬಯಲಿಗೆ ಬಯಲೇ ಹಾಲಿನಲ್ಲಿ ಮುಳುಗಿದ ಹಾಗೆ. ಗಾಳಿ ಇಲ್ಲದ ಉದ್ದ ರಾತ್ರಿಯಲ್ಲಿ ನೆಲ ತಣ್ಣಗಾಗುತ್ತಾ, ನೆಲದ ಮೇಲಿನ ತೇವದ ಗಾಳಿಯೂ ತಣಿದು, ಅಲ್ಲೇ ಹನಿಗಟ್ಟಿ ನಿಲ್ಲುತ್ತದೆ. ಬಿಸಿಲು ಏರುವವರೆಗೆ ಕದಲುವುದಿಲ್ಲ. ಹಿಸಾರಿನ ಹತ್ತಿರ ಜೀಪಿನ ಬಾನೆಟ್ಟಿನ ತುದಿಯೇ ಕಾಣದೆ ಒಂದು ಢಾಬಾದ ಅಂಗಳದಲ್ಲಿ ಹನ್ನೊಂದೂವರೆವರೆಗೆ ನಿಂತೆವು. ಲಾರಿ ಚಾಲಕರೂ ಬೆಂಕಿ ಕಾಯಿಸುತ್ತಾ ಕೂತಿದ್ದರು. ಒಬ್ಬ ಸರ್ದಾರ್ಜಿ ನಮ್ಮ ಟ್ರೈಲರನ್ನು ಸುತ್ತು ಹೊಡೆದು ನೋಡಿ, ಮನೆಗೆ ಹೋಗುವವರು ಹೊರಟ ಗಳಿಗೆಯಲ್ಲೇ ಮನಸ್ಸಿನಲ್ಲಿ ಮನೆ ಮುಟ್ಟಿಬಿಡುತ್ತಾರೆ, ಗಾಡಿ ಮಾತ್ರ ದಾರಿಯಲ್ಲೇ ಇರುತ್ತದೆ, ಹುಷಾರು ಎಂದು ಹಿಂದಿಯಲ್ಲಿ ಹೇಳಿದರು. ಭಾವ ಆಮೇಲೆ ದಾರಿಯುದ್ದಕ್ಕೂ ಆ ಮಾತನ್ನು ಜಪದ ಹಾಗೆ ಹೇಳುತ್ತಿದ್ದರು.

ಕಾಯುತ್ತಾ ಕೂತಾಗ ಸಂಜೆ ಪುಟ್ಟಿಗೆ ಹೇಳಲು ಒಂದು ಸಂಗತಿ ಹೊಳೆಯಿತು. ಡಿಸೆಂಬರ್ 22ರ ಸುಮಾರಿಗೆ ವರ್ಷದ ಅತಿ ಉದ್ದದ ರಾತ್ರಿ. ಉತ್ತರಕ್ಕೆ ಹೋದಷ್ಟೂ ಅದು ಇನ್ನೂ ಉದ್ದ. ಆ ದಿನ ಅಮೃತಸರದಲ್ಲಿ ಹಗಲು ಹತ್ತು ಗಂಟೆಯ ಆಸುಪಾಸು, ಕುಂದಾಪುರದಲ್ಲಿ ಅದಕ್ಕಿಂತ ಒಂದು ಗಂಟೆಗೂ ಹೆಚ್ಚು. ಇನ್ನು ಸೇವಂತಿಗೆ ಎಂಥ ಗಿಡ ಅಂದರೆ, ರಾತ್ರಿ ಉದ್ದವಾಗುವುದನ್ನು ನೋಡಿಯೇ ಮೊಗ್ಗು ಕಟ್ಟುತ್ತದೆ. ಅದಕ್ಕೇ ಹೂ ತಡವಾಗಿ ಬರಲಿ ಎಂದು ಬಯಸುವ ಬಯಲುಸೀಮೆಯ ಕೆಲವು ಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸುತ್ತಾರೆ. ಅಂದರೆ ನಮ್ಮನ್ನು ಹಿಸಾರಿನಲ್ಲಿ ಕಟ್ಟಿಹಾಕಿದ ಉದ್ದ ರಾತ್ರಿಯೇ ಹೆಮ್ಮಾಡಿಯಲ್ಲಿ ಅಮ್ಮನ ಗಿಡಗಳಿಗೆ ಹೂ ಬಿಡಿಸುತ್ತಿತ್ತು. ಚಳಿಗಾಲದ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ?

ಚೂರು ಎಂಬ ಊರು ಬೇಸಿಗೆಯಲ್ಲಿ 50 ಡಿಗ್ರಿ ಮುಟ್ಟುತ್ತದೆ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಅಲ್ಲಿ ತಂಗಿದ ರಾತ್ರಿ ಡೇರೆಯ ಬಟ್ಟೆ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಊರಿನಿಂದ ತಂದ ತೆಂಗಿನೆಣ್ಣೆ ಬಾಟಲಿಯಲ್ಲಿ ಮೇಣದ ಹಾಗೆ ಗಟ್ಟಿ. ತೆಂಗಿನೆಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ನನ್ನ ಹೆಂಡತಿ ಆ ಬಾಟಲಿಯನ್ನು ಜೀಪಿನ ಮುಂದಿನ ಗಾಜಿನ ಹತ್ತಿರ ನಿಲ್ಲಿಸಿ, “ಇದು ಪೂರ್ತಿ ನೀರಾದ ದಿನ ನಾವು ಊರಿಗೆ ಬಂದ ಹಾಗೆ” ಎಂದಳು. ಅಂದಿನಿಂದ ಅದೇ ನಮ್ಮ ಥರ್ಮಾಮೀಟರ್.

ಟ್ರೈಲರ್ ಎಳೆಯುವುದೂ ಒಂದು ವಿದ್ಯೆ. ಭಾರದ ಸಾಮಾನುಗಳೆಲ್ಲ ಟ್ರೈಲರಿನ ಮುಂಭಾಗಕ್ಕೆ ಇರಬೇಕು. ಹಿಂದೆ ಭಾರವಾದರೆ ಅದು ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಜೀಪನ್ನೂ ಅಲ್ಲಾಡಿಸುತ್ತದೆ. ಬ್ರೇಕು ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು, ಹಾಗಾಗಿ ಭಾವ 60ರ ಮೇಲೆ ಮುಳ್ಳು ಏರಲು ಬಿಡುತ್ತಿರಲಿಲ್ಲ. ಇನ್ನು ಹಿಂದಕ್ಕೆ ತೆಗೆಯುವಾಗ ಟ್ರೈಲರ್ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗು ಎಡಕ್ಕೆ ತಿರುಗಿಸಬೇಕು! ಪೆಟ್ರೋಲ್ ಬಂಕಿನಲ್ಲಿ ನಾವು ಹಿಂದೆ ಮುಂದೆ ಮಾಡುವಾಗ ಜನ ಸೇರುತ್ತಿದ್ದರು. ದಿನವೂ ಹೊರಡುವ ಮೊದಲು ಕೊಂಡಿ, ಕೊಂಡಿಯ ಸರಪಳಿ, ಹಿಂದಿನ ದೀಪ, ಟಯರಿನ ಗಾಳಿ ನೋಡುವುದು ನನ್ನ ಕೆಲಸ. ಚಳಿಗೆ ಟಯರಿನ ಗಾಳಿಯೂ ಕುಗ್ಗುತ್ತದೆ. ಕೋಟಾದಲ್ಲಿ ಭಾವ ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸ್ ತುಂಬಿದರು. ಒಂದೂವರೆ ಗಂಟೆ ಹೋಯಿತು. ನಾನು ಗಡಿಯಾರ ನೋಡಿದ್ದು ಕಂಡು, “ಚಕ್ರ ಹಿಡಿದರೆ ಒಂದೂವರೆ ದಿನ ಹೋಗ್ತದೆ” ಎಂದರು.

ಅಂಗಡಿ ಬೋರ್ಡುಗಳ ಪಿನ್‌ಕೋಡ್ ಓದುವುದು ನನ್ನ ಹಳೇ ಅಭ್ಯಾಸ. ಸಂಗ್ರೂರಿನಲ್ಲಿ 1ರಿಂದ ಶುರುವಾಗುತ್ತಿದ್ದದ್ದು ಚೂರುವಿಗೆ ಬರುವಾಗ 331 ಆಯಿತು. ಜೈಪುರದಲ್ಲಿ 302. ಇಂದೋರಿನಲ್ಲಿ 452. ಅಂದು ಸಂಜೆ ಫೋನಿನಲ್ಲಿ ಪುಟ್ಟಿ, “ನಾಲ್ಕಕ್ಕೆ ಬಂದ್ರಿ, ಇನ್ನ್ ಐದೇ ಬಾಕಿ” ಎಂದು ಕೂಗಿದಳು. ಹಿಂದಿನಿಂದ ಅಮ್ಮ ಎಂದಿನಂತೆ, ಊಟ ಆಯ್ತಾ, ಚಳಿಗೆ ಕಿವಿ ಮುಚ್ಚಿಕೊಂಡಿದ್ದೀರಾ ಎಂದು ಕೇಳಿದಳೇ ಹೊರತು ಕೈಯ ಸುದ್ದಿ ಎತ್ತಲಿಲ್ಲ. ನರ್ಮದೆ ದಾಟಿದೆವು, ತಾಪಿ ದಾಟಿದೆವು, ಗೋದಾವರಿ ದಾಟಿದೆವು. ಎಣ್ಣೆಯ ಬಾಟಲಿಯ ಅಂಚು ಮಧ್ಯಾಹ್ನ ಕರಗುತ್ತಿತ್ತು, ಬೆಳಿಗ್ಗೆಗೆ ಮತ್ತೆ ಗಟ್ಟಿ. ತಂದ ಕುಚ್ಚಲಕ್ಕಿ ಜೈಪುರದಲ್ಲೇ ಮುಗಿದಿತ್ತು. ರೊಟ್ಟಿ ತಿಂದು ತಿಂದು ನಾಲ್ವರ ಬಾಯಲ್ಲೂ ಗಂಜಿಯದೇ ಮಾತು.

12ರ ಮಧ್ಯಾಹ್ನ ಸೊಲ್ಲಾಪುರದಲ್ಲಿ ಕೊನೆಯ ಕಾರ್ಡು ಹಾಕಿ, ಭೀಮಾ ನದಿ ದಾಟಿ, ಕತ್ತಲಾಗುವಾಗ ವಿಜಯಪುರ ಸೇರಿದೆವು. ಬೋರ್ಡುಗಳಲ್ಲಿ ಕನ್ನಡ, ಅದರ ಕೆಳಗೆ 586. ಒಂದು ಚಹಾ ಅಂಗಡಿಯವ “ಯಾವೂರ್ರೀ ನಿಮ್ದು?” ಎಂದು ಕೇಳಿದಾಗ, ಎರಡು ತಿಂಗಳ ನಂತರ ಅಪರಿಚಿತರೊಬ್ಬರಿಗೆ ಕನ್ನಡದಲ್ಲಿ ಉತ್ತರ ಕೊಟ್ಟೆ. ಕುಂದಾಪುರ ಅಂದೆ. “ಭಾಳ ದೂರ ಅದರೀ” ಎಂದ. ನಮಗೆ ಮಾತ್ರ ಅದು ಹಿತ್ತಲಿನಷ್ಟು ಹತ್ತಿರ ಕಂಡಿತು.

13ರಂದು ಬೆಳಿಗ್ಗೆ ಐದಕ್ಕೇ ಎದ್ದೆವು. ಇಲ್ಲಿ ಮಂಜಿಲ್ಲ, ಆಕಾಶದ ತುಂಬ ನಕ್ಷತ್ರ. ಕೃಷ್ಣೆಯ ದಡದ ಕೊಲ್ಹಾರದಲ್ಲಿ ಅಮ್ಮನಿಗೆಂದು ಒಂದು ಗಡಿಗೆ ಮೊಸರು ಕೊಂಡೆವು. ಆ ಊರಿನ ಮೊಸರಿಗೆ ದೊಡ್ಡ ಹೆಸರು. ಘಟಪ್ರಭೆ, ಮಲಪ್ರಭೆ, ಹುಬ್ಬಳ್ಳಿ, ಯಲ್ಲಾಪುರ. ಅರಬೈಲು ಘಾಟಿ ಇಳಿಯುವಾಗ ಜೀಪು ಎರಡನೇ ಗೇರಿನಲ್ಲಿ ಮೆಲ್ಲನೆ, ಹಿಂದೆ ಬಸವನಹುಳು ಇನ್ನೂ ಮೆಲ್ಲನೆ. ಘಾಟಿ ಇಳಿದದ್ದೇ ಗಾಳಿ ಬದಲಾಯಿತು. ಸ್ವಲ್ಪ ಉಪ್ಪು, ಸ್ವಲ್ಪ ಬೆವರು, ಒಣಗಲು ಹಾಕಿದ ಅಡಿಕೆಯ ವಾಸನೆ. ಅಂಕೋಲೆಯಲ್ಲಿ ಊಟಕ್ಕೆ ನಿಂತಾಗ ಹೆಂಡತಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಎಣ್ಣೆ ತಿಳಿನೀರಾಗಿತ್ತು. ಅವಳು ಏನೂ ಹೇಳದೆ ತಲೆಗೆ ಒಂದು ಹನಿ ಹಚ್ಚಿಕೊಂಡಳು.

ಕುಮಟೆ, ಹೊನ್ನಾವರದ ಶರಾವತಿ ಸೇತುವೆ, ಭಟ್ಕಳ. ಪಿನ್‌ಕೋಡ್ ಇನ್ನೂ 581. ಶಿರೂರಿನ ಒಂದು ಕಿರಾಣಿ ಅಂಗಡಿಯ ಬೋರ್ಡಿನಲ್ಲಿ 576 ಕಂಡಿತು. ಬೈಂದೂರಿನಲ್ಲಿ ಮಗಳು ಕೆಲಸ ಮುಗಿಸಿ ರಸ್ತೆ ಬದಿಯಲ್ಲೇ ಕಾಯುತ್ತಿದ್ದಳು, ಅವಳನ್ನೂ ಹತ್ತಿಸಿಕೊಂಡೆವು. ಅಮ್ಮನ ಕೈ ಹೇಗಿದೆ ಎಂದರೆ “ನೀವೇ ಕಾಣಿ” ಎಂದಷ್ಟೇ ಅಂದಳು. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಸೂರ್ಯ ಕಡಲಿಗೆ ಇಳಿಯುತ್ತಿದ್ದ. ದೇಶದಲ್ಲಿ ಎಷ್ಟೋ ಚಂದದ ಜಾಗ ನೋಡಿ ಬಂದಿದ್ದೆವು. ಆದರೂ ಭಾವ, ಯಾರೂ ಹೇಳದೆ, ಅಲ್ಲಿ ವೇಗ ತಗ್ಗಿಸಿದರು.

ಅರಾಟೆ ಸೇತುವೆ ದಾಟಿ ಮನೆಯ ಓಣಿಗೆ ತಿರುಗಿದಾಗ ತುಳಸಿಕಟ್ಟೆಯಲ್ಲಿ ದೀಪ ಉರಿಯುತ್ತಿತ್ತು. ಅಂಗಳದಲ್ಲಿ ಹಾಳೆ, ಬುಟ್ಟಿ, ಚಾಪೆಗಳ ಮೇಲೆ ರಾಶಿ ರಾಶಿ ಹಳದಿ. ನಡುವೆ ಕುರ್ಚಿಯಲ್ಲಿ ಅಮ್ಮ. ಬಲಗೈ ಮೊಣಕೈವರೆಗೆ ಪ್ಲಾಸ್ಟರು. ಉಳುಕು ಎಂದದ್ದು ಉಳುಕಲ್ಲ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು.

ಹೂ ಕೊಯ್ದವರು ಯಾರು? ಪಕ್ಕದ ಮನೆಯ ಅಕ್ಕ ಮತ್ತು ಅವರ ಸೊಸೆ, ಎದುರು ಮನೆಯಲ್ಲಿ ಬಾಡಿಗೆಗಿರುವ ಹುಡುಗ, ಪುಟ್ಟಿ, ಪುಟ್ಟಿಯ ಶಾಲೆಯ ನಾಲ್ಕು ಗೆಳತಿಯರು. ಬೆಳಿಗ್ಗೆ ಆರಕ್ಕೆ ಇಬ್ಬನಿಯಲ್ಲೇ ಬಂದು, ಶಾಲೆಯ ಗಂಟೆ ಹೊಡೆಯುವವರೆಗೆ ಕೊಯ್ದು ಹೋಗುತ್ತಿದ್ದರಂತೆ. ಅಮ್ಮ ಕುರ್ಚಿಯಲ್ಲಿ ಕೂತು, ಮೊಗ್ಗಿಗೆ ಕೈ ಹಾಕಬೇಡಿ, ತೊಟ್ಟು ಇಟ್ಟುಕೊಂಡು ಕೊಯ್ಯಿರಿ ಎಂದು ಹೇಳುತ್ತಿದ್ದದ್ದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲವಂತೆ. ಇದು ಪುಟ್ಟಿಯ ವರದಿ.

ನಾವು ಇಳಿದದ್ದೇ ಅಮ್ಮ ಕೇಳಿದಳು: “ಬಂದ್ರ್ಯಾ? ಕೈಕಾಲ್ ತೊಳ್ಕಂಡ್ ಬನ್ನಿ, ಗಂಜಿ ಬಿಸಿ ಇತ್ತ್.”

ನಾನು ಅವಳ ಪ್ಲಾಸ್ಟರನ್ನೇ ನೋಡುತ್ತಿದ್ದೆ. ಅವಳು ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ, “ಕಪ್ಪಾಯ್ದೆ ಮಾರಾಯ” ಎಂದಳು. ಆ ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಕೊಲ್ಹಾರದ ಮೊಸರು. ಊಟವಾದ ಮೇಲೆ ನಡುರಾತ್ರಿವರೆಗೆ ಎಲ್ಲರೂ ಕೂತು ಹೂ ಎಣಿಸಿದೆವು. ಮರುದಿನ ಮಾರಣಕಟ್ಟೆಗೆ ಮೊದಲ ಬುಟ್ಟಿಯನ್ನು ಎತ್ತಿಕೊಂಡು ನಡೆದವಳು ಪುಟ್ಟಿ.

ಸೊಲ್ಲಾಪುರದಲ್ಲಿ ಹಾಕಿದ ಕಾರ್ಡು ನಾವು ಬಂದು ಮೂರು ದಿನವಾದ ಮೇಲೆ ಬಂತು. ಪುಟ್ಟಿ ಎಂದಿನ ಹಾಗೆ ದೀಪ ಹಚ್ಚಿದ ಮೇಲೆ ಅದನ್ನು ಗಟ್ಟಿಯಾಗಿ ಓದಿದಳು. “ನಾಳೆ ಸಂಜೆ ನಿಮ್ಮ ಜೊತೆ ಇರುತ್ತೇವೆ” ಎಂದು ಬರೆದಿದ್ದೆ. ಪಕ್ಕದಲ್ಲೇ ಕೂತಿದ್ದ ನನ್ನನ್ನು ನೋಡಿ ಎಲ್ಲರೂ ನಕ್ಕರು.

ಅದರ ಮರುದಿನ ಬಸವನಹುಳುವನ್ನು ಬ್ರಹ್ಮಾವರಕ್ಕೆ ಮುಟ್ಟಿಸಲು ಹೋದೆವು. ಅಮ್ಮನೂ ಜೀಪಿನಲ್ಲಿ ಕೂತಳು. ಹತ್ತುವ ಮೊದಲು ಟ್ರೈಲರಿನ ಬಾಗಿಲು ತೆಗೆಸಿ ಒಳಗೆ ಇಣುಕಿದಳು. ಹಾಸಿಗೆ ಒತ್ತಿ ನೋಡಿದಳು, ಒಲೆ ನೋಡಿದಳು, ಗೂಡುಗಳನ್ನು ಒಂದೊಂದಾಗಿ ತೆಗೆದು ಮುಚ್ಚಿದಳು. “ಎಲ್ಲ ಇತ್ತ್. ತುಳ್ಸಿಕಟ್ಟಿ ಒಂದ್ ಇಲ್ಲ” ಎಂದಳು.

ಕೋಟೇಶ್ವರ, ತೆಕ್ಕಟ್ಟೆ ದಾಟಿ ಕೋಟಕ್ಕೆ ಬಂದಾಗ ಪುಟ್ಟಿಗೆ ಶಿವರಾಮ ಕಾರಂತರ ಊರು ಇದು ಎಂದು ತೋರಿಸಿದೆ. ಅವರು 1902ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಮೂರು ತಲೆಮಾರಿನ ಕಥೆ. ಆಗ ನನಗೆ ಅದು ಊರು ಬಿಟ್ಟು ಹೋಗಿ ಕೊನೆಗೆ ಮರಳಿ ಬರುವ ರಾಮನ ಕಥೆಯಾಗಿ ಕಂಡಿತ್ತು. ಈಗ ನೆನಪಾಗುವುದು ಅದರ ಹೆಂಗಸರು, ಪಾರೋತಿ, ಸರಸೋತಿ, ನಾಗವೇಣಿ. ಕಡಲ ಕರೆಯ ಆ ಮನೆಯಲ್ಲಿ ದುಡಿದು, ಕಷ್ಟ ನುಂಗಿ, ಅದನ್ನು ಉಳಿಸಿಕೊಂಡವರು. ಅವರು ಇರದಿದ್ದರೆ ರಾಮ ಮರಳುವುದಾದರೂ ಎಲ್ಲಿಗೆ? ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟು ಜನ ಮುಂಬೈಗೆ, ಬೆಂಗಳೂರಿಗೆ, ಗಲ್ಫಿಗೆ ಹೋಗಿದ್ದಾರೆ! ಜಾತ್ರೆಗೆ, ಹಬ್ಬಕ್ಕೆ ಅವರು ಮರಳಿ ಬರುವುದು ಯಾರೋ ಒಬ್ಬರು ಅಂಗಳ ಗುಡಿಸಿ, ಬಾವಿಯ ನೀರು ಸೇದಿ, ಸಂಜೆ ದೀಪ ಇಟ್ಟಿರುವುದರಿಂದ. ಹೋದವರ ಕಥೆ ನಾವು ಹೇಳುತ್ತೇವೆ. ಉಳಿದವರ ಕಥೆಯನ್ನು ಕೇಳುವುದೇ ಇಲ್ಲ.

ಅದಕ್ಕೇ ಆ ದಿನ ಕೇಳಿದೆ. ಭಾವನ ಅಂಗಳದಲ್ಲಿ ಟ್ರೈಲರ್ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಚಹಾ ಕುಡಿಯುತ್ತಿದ್ದಾಗ, ಈ 65 ದಿನ ನಿನಗೆ ಏನು ನೋಡಬೇಕು ಅನ್ನಿಸಿತು ಎಂದು ಅಮ್ಮನನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹಕ್ಕಿಗಳನ್ನ್ ಒಂದ್ಸಲ ಕಾಣ್ಕಿತ್ತ್” ಎಂದಳು.

ಕೊಂಕಣ ರೈಲಿನ ದಾರಿಯಲ್ಲಿ ರಾಜಸ್ಥಾನದ ಕಡೆಗೂ ಗಾಡಿ ಹೋಗುತ್ತದೆ. ಬರುವ ವರ್ಷ ಹೂವಿನ ಕೆಲಸ ಮುಗಿದು, ಕುರ್ಜಾಗಳು ಹಾರಿಹೋಗುವ ಮೊದಲು, ಫೆಬ್ರವರಿಯಲ್ಲಿ ನನ್ನ ಹೆಂಡತಿ ಅವಳನ್ನು ಖೀಚನ್‌ಗೆ ಕರೆದುಕೊಂಡು ಹೋಗುತ್ತಾಳೆ. ಪುಟ್ಟಿ ಈಗಲೇ ಹತ್ತು ಅಂಚೆ ಕಾರ್ಡು ಕೊಂಡು ಅವುಗಳ ಮೇಲೆ ನಮ್ಮ ವಿಳಾಸ ಬರೆದಿಟ್ಟಿದ್ದಾಳೆ. ನಾನು ಹೋಗುವುದಿಲ್ಲ. ಆ ಹೊತ್ತಿಗೆ ಮುಂದಿನ ವರ್ಷದ ಸೇವಂತಿಗೆಯ ಬುಡಗಳನ್ನು ಜೋಪಾನ ಮಾಡಬೇಕು, ಸಂಜೆ ತುಳಸಿಗೆ ದೀಪ ಇಡಬೇಕು, ಬಂದ ಕಾರ್ಡನ್ನು ಪುಟ್ಟಿ ಓದುವಾಗ ಕೇಳಿಸಿಕೊಳ್ಳಬೇಕು. ದೀಪದ ಬತ್ತಿ ಹೊಸೆಯುವುದನ್ನು ಅಮ್ಮ ಈಗ ನನಗೆ ಎಡಗೈಯಲ್ಲೇ ಹೇಳಿಕೊಡುತ್ತಿದ್ದಾಳೆ.